ಕಾರು ಕೆರೆಗಿಳಿಯುವಾಗ

ಓಹಾಯೊ ರಾಜ್ಯದ ಸಲೈನಾ ಎಂಬ ಸಣ್ಣ ಊರಿನಲ್ಲಿ ಜುಲೈ ಕೊನೆಗೆ ಕೆರೆಯ ಹಬ್ಬ ನಡೆಯುತ್ತದೆ. ಆ ಹೊತ್ತಿಗೆ ಅಮೆರಿಕದ ನಾನಾ ಕಡೆಯಿಂದ ಕೆಲವರು ತಮ್ಮ ಹಳೆಯ ಕಾರುಗಳನ್ನು ಟ್ರೇಲರ್ ಮೇಲೆ ಹೇರಿಕೊಂಡು ಬಂದು ಸೇರುತ್ತಾರೆ. ಬಿಳಿ, ಕೆಂಪು, ನೀಲಿ, ತಿಳಿಹಸಿರು ಬಣ್ಣದ ಪುಟ್ಟ ಕಾರುಗಳು. ಎರಡೇ ಬಾಗಿಲು, ಮಡಚಿ ಹಿಂದಕ್ಕೆ ಸರಿಸುವ ಹುಡ್, ಹಿಂಬದಿಯಲ್ಲಿ ಆ ಕಾಲದ ಶೋಕಿಯ ಚೂಪು ರೆಕ್ಕೆ. ಉಳಿದ ಕಾರುಗಳಿಗಿಂತ ತುಸು ಎತ್ತರಕ್ಕೆ ನಿಂತಿವೆ ಅನ್ನಿಸುತ್ತದೆ, ಅಷ್ಟೇ. ಅವು ಸಾಲಾಗಿ ರಸ್ತೆಯಲ್ಲಿ ಬರುತ್ತವೆ, ದೋಣಿ ಇಳಿಸಲು ಕಟ್ಟಿದ ಕಾಂಕ್ರೀಟ್ ಇಳಿಜಾರಿನ ತಲೆಯಲ್ಲಿ ಒಂದು ಗಳಿಗೆ ನಿಲ್ಲುತ್ತವೆ, ಆಮೇಲೆ ನೇರವಾಗಿ ಕೆರೆಯೊಳಗೆ ಹೋಗುತ್ತವೆ.

ದಡದಲ್ಲಿ ನಿಂತವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಇದನ್ನು ನೋಡಲೆಂದೇ ಮಡಚುವ ಕುರ್ಚಿ, ತಂಪು ಪಾನೀಯದ ಪೆಟ್ಟಿಗೆ, ಮಕ್ಕಳು, ನಾಯಿ ಎಲ್ಲ ಕಟ್ಟಿಕೊಂಡು ಬಂದಿದ್ದಾರೆ. ಆದರೂ ಮುಂದಿನ ಚಕ್ರ ನೀರು ಮುಟ್ಟಿ, ಕಾರಿನ ಮೂತಿ ತಗ್ಗಿ, ಎರಡೂ ಬದಿಯಲ್ಲಿ ನೀರು ಎದ್ದಾಗ ಅಷ್ಟೂ ಜನರ ಬಾಯಿಂದ ಒಂದೇ ಸಲ "ಓ" ಎಂಬ ದನಿ ಹೊರಡುತ್ತದೆ. ಮೂತಿ ಮೇಲೆದ್ದು, ಕಾರು ಸಮಕ್ಕೆ ಬಂದು, ಹಿಂದೆ ನೊರೆ ಬಿಟ್ಟುಕೊಂಡು ಹೊರಟಿತೆಂದರೆ ಚಪ್ಪಾಳೆ, ನಗು. ಮುಂದಿನ ಕಾರು ಬರುತ್ತದೆ; ಮತ್ತೆ ಅದೇ "ಓ". ಎಷ್ಟನೆಯ ಕಾರಾದರೂ ದನಿ ಕುಗ್ಗುವುದಿಲ್ಲ. ತೇಲುತ್ತದೆ ಎಂದು ತಲೆಗೆ ಗೊತ್ತು, ಮೈಗೆ ಗೊತ್ತಿಲ್ಲ. ಕಾರು ನೀರಿಗೆ ಬಿದ್ದರೆ ಒಳಗಿನವರ ಗತಿ ಏನು ಎಂದು ಮೈ ತನ್ನಷ್ಟಕ್ಕೆ ಹೆದರಿಬಿಡುತ್ತದೆ.

ನಮ್ಮ ಮಗಳ ಸಂಸಾರ ಡೇಟನ್‌ನಲ್ಲಿದೆ. ಅಲ್ಲಿಂದ ಸಲೈನಾಕ್ಕೆ ಒಂದೂವರೆ ಗಂಟೆಯ ದಾರಿ, ಎರಡೂ ಕಡೆ ಬರೀ ಜೋಳ ಮತ್ತು ಸೋಯಾ ಹೊಲ. "ಇವತ್ತು ನಿಮಗೊಂದು ತಮಾಷೆ ತೋರಿಸ್ತೀನಿ" ಎಂದು ಅಳಿಯ ಕರೆದುಕೊಂಡು ಹೋಗಿದ್ದ. ತಮಾಷೆ ನೋಡಲು ಹೋದ ನಾನು ಹೆಚ್ಚಿನ ಹೊತ್ತು ನೋಡಿದ್ದು ಜನರನ್ನು. ಅದಕ್ಕೆ ಕಾರಣ ಆ ಕಾರೇ. ನೋಡುವವರ ಮುಖದಲ್ಲಿ ಏನನ್ನಾದರೂ ಹೊರಡಿಸುವುದರಲ್ಲಿ ಅದಕ್ಕೆ ಸಾಟಿಯಾದ ಯಂತ್ರವನ್ನು ನಾನು ಬೇರೆ ಕಂಡಿಲ್ಲ.

ಕಾರಿನ ಹೆಸರು ಆಂಫಿಕಾರ್. 1961ರಲ್ಲಿ ನ್ಯೂಯಾರ್ಕಿನ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ತಯಾರಾದದ್ದು ಪಶ್ಚಿಮ ಜರ್ಮನಿಯಲ್ಲಿ, ಕ್ವಾಂಟ್ ಮನೆತನದ ಉದ್ಯಮ ಸಮೂಹದಲ್ಲಿ. ಎಂಜಿನ್ ಇಂಗ್ಲೆಂಡಿನದು, ಟ್ರಯಂಫ್ ಹೆರಾಲ್ಡ್ ಕಾರಿನ 1147 ಸಿಸಿ ಎಂಜಿನ್. ಅದನ್ನು ಹಿಂಬದಿಗೆ ಕೂಡಿಸಿದ್ದಾರೆ. ನೀರಿನಲ್ಲಿ 7 ನಾಟ್, ನೆಲದ ಮೇಲೆ ಗಂಟೆಗೆ 70 ಮೈಲಿ ವೇಗ ಎಂದು ಮಾದರಿಗೆ 770 ಎಂಬ ಸಂಖ್ಯೆ. ವರ್ಷಕ್ಕೆ ಇಪ್ಪತ್ತು ಸಾವಿರ ಮಾರುವ ಆಸೆಯಿಂದ ಶುರು ಮಾಡಿದವರು ಒಟ್ಟು ತಯಾರಿಸಿದ್ದು 3,878. ಹೆಚ್ಚಿನವು ಅಮೆರಿಕಕ್ಕೇ ಬಂದವು. ಬೆಲೆ ಸುಮಾರು ಮೂರು ಸಾವಿರ ಡಾಲರ್. ಆ ದುಡ್ಡಿಗೆ ಒಳ್ಳೆಯ ದೊಡ್ಡ ಕಾರೇ ಬರುತ್ತಿತ್ತು. ಐದಾರು ವರ್ಷದಲ್ಲಿ ವ್ಯಾಪಾರ ಮುಗಿಯಿತು. 1968ರಲ್ಲಿ ಅಮೆರಿಕದ ಹೊಗೆ ಮತ್ತು ಸುರಕ್ಷತೆಯ ಹೊಸ ನಿಯಮಗಳು ಬಂದಾಗ ಉಳಿದಿದ್ದ ಆಸೆಯೂ ಹೋಯಿತು.

ಇದನ್ನು ರೂಪಿಸಿದ ಹಾನ್ಸ್ ಟ್ರಿಪೆಲ್ ಬಗ್ಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅವನು ನಾಜಿ ಪಕ್ಷದವನು. ಹಿಟ್ಲರನ ಸೈನ್ಯಕ್ಕೆ ನೀರಿನಲ್ಲೂ ನೆಲದಲ್ಲೂ ಓಡುವ ಗಾಡಿಗಳನ್ನು ಮಾಡಿಕೊಟ್ಟವನು. ಫ್ರಾನ್ಸನ್ನು ಜರ್ಮನ್ನರು ಆಕ್ರಮಿಸಿದ್ದಾಗ ಮೋಲ್ಸೈಮ್‌ನ ಬುಗಾಟ್ಟಿ ಕಾರ್ಖಾನೆ ಅವನ ಕೈಗೆ ಬಂದಿತ್ತು. ಯುದ್ಧ ಮುಗಿದ ಮೇಲೆ ಸೆರೆಮನೆ ಕಂಡ. ಅದೇ ಮನುಷ್ಯ ಹದಿನೈದು ವರ್ಷದ ನಂತರ ಸಂಸಾರ ಸಮೇತ ಪಿಕ್‌ನಿಕ್ಕಿಗೆ ಹೋಗುವ ಕಾರನ್ನು ಮಾಡಿದ. ಕಾರಿನ ಚೆಲುವಿನಿಂದ ಅವನ ಲೆಕ್ಕ ಚುಕ್ತಾ ಆಗುವುದಿಲ್ಲ. ಸಲೈನಾದ ದಡದಲ್ಲಿ ಅವನ ಹೆಸರು ಎತ್ತಿದವರೇ ಕಡಿಮೆ. ಮಾಲೀಕರಿಗೆಲ್ಲ ಗೊತ್ತಿದೆ, ಕೇಳಿದರೆ ಹೇಳುತ್ತಾರೆ. ಕೇಳುವವರಿಲ್ಲ.

ಜನ ಕೇಳುವುದು ಬೇರೆಯದನ್ನು. ನೀರು ಒಳಗೆ ಬರುತ್ತದೆಯೇ? ಇದನ್ನು ನೀವೇ ಮನೆಯಲ್ಲಿ ಮಾಡಿದಿರಾ? ಎಷ್ಟು ಸ್ಪೀಡ್ ಹೋಗುತ್ತದೆ? ಲೈಸೆನ್ಸ್ ಕಾರಿನದೋ ದೋಣಿಯದೋ? ನೀರಿನ ನಡುವೆ ಬಾಗಿಲು ತೆಗೆದರೆ ಏನಾಗುತ್ತದೆ? ಒಬ್ಬ ಮಾಲೀಕರ ಪಕ್ಕದಲ್ಲಿ ನಾನು ಕುರ್ಚಿ ಹಾಕಿಕೊಂಡು ಕೂತಿದ್ದೆ. ಮಿಷಿಗನ್‌ನಿಂದ ಬಂದ ಹಿರಿಯರು, ಕೆಂಪು ಕಾರು. ಜನ ಬಂದಂತೆ ಇದೇ ಐದು ಪ್ರಶ್ನೆ ಅದಲು ಬದಲಾಗಿ ಬರುತ್ತಿದ್ದವು. ಪ್ರತಿ ಸಲವೂ ಅವರು ಮೊದಲ ಸಲ ಕೇಳಿಸಿಕೊಂಡವರ ಹಾಗೆ ಉತ್ತರಿಸುತ್ತಿದ್ದರು. ನೀರು ಬಂದೇ ಬರುತ್ತದೆ, ಅದಕ್ಕೇ ಒಳಗೆ ಪಂಪ್ ಇದೆ. ಕಾರಿನ ನಂಬರ್ ಪ್ಲೇಟೂ ಇದೆ, ಮುಂಬದಿಯಲ್ಲಿ ದೋಣಿಯ ನಂಬರೂ ಇದೆ, ಎರಡಕ್ಕೂ ಫೀಸು ಕಟ್ಟುತ್ತೇನೆ. ಬಾಗಿಲಿಗೆ ಎರಡನೆಯದೊಂದು ಹಿಡಿ ಇದೆ ನೋಡಿ. ಅದನ್ನು ಒತ್ತಿ ತಿರುಗಿಸಿದರೆ ರಬ್ಬರ್ ಪಟ್ಟಿ ಬಿಗಿಯಾಗಿ ಕೂರುತ್ತದೆ, ನೀರಿಗಿಳಿಯುವ ಮೊದಲು ಅದನ್ನು ಹಾಕಲೇಬೇಕು. ಅಷ್ಟು ಸಹನೆಯನ್ನು ನಾನು ಹಬ್ಬದ ದಿನ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಬಡಿಸುವವರಲ್ಲಿ ಮಾತ್ರ ನೋಡಿದ್ದೇನೆ.

ನಮ್ಮ ಯಜಮಾನರು ಮಾತ್ರ ಏನೂ ಕೇಳದೆ ಕಾರಿನ ಸುತ್ತ ಬರುತ್ತಿದ್ದರು. ಸಾಗರದ ಕಡೆಯ ನಮ್ಮ ತೋಟದಲ್ಲಿ ಪಂಪ್‌ಸೆಟ್, ಪವರ್ ಟಿಲ್ಲರ್ ಯಾವುದು ಕೆಟ್ಟರೂ ಮೊದಲು ಬಿಚ್ಚುವುದು ಇವರೇ. ಕೆಸರು ನೀರಿನಲ್ಲಿ ಓಡುವ ಯಂತ್ರದ ಕಷ್ಟ ಇವರಿಗೆ ಗೊತ್ತು. ಬಗ್ಗಿ ಹಿಂದಿನ ಬಂಪರ್ ಅಡಿಯಲ್ಲಿರುವ ಎರಡು ಪ್ರೊಪೆಲರ್‌ಗಳನ್ನು ನೋಡಿದರು, ಮುಂದಿನ ಚಕ್ರಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ತಮಗೆ ಬರುವ ಇಂಗ್ಲಿಷಿನಲ್ಲಿ ಕೇಳಿದರು: "ಇದಕ್ಕೆ ಗ್ರೀಸ್ ಎಲ್ಲೆಲ್ಲಿ ಹೊಡೀತೀರಿ?"

ಆ ಹಿರಿಯರು ಕೈಯಲ್ಲಿದ್ದ ಕಾಫಿ ಲೋಟವನ್ನು ಅಲ್ಲೇ ನೆಲದ ಮೇಲಿಟ್ಟರು. ಎದುರಿಗೆ ನಿಂತ ಇಬ್ಬರಿಗೆ "ಒಂದು ನಿಮಿಷ" ಎಂದರು. ಹಿಂದಿನ ಸೀಟನ್ನು ಕಿತ್ತು ಹುಲ್ಲಿನ ಮೇಲೆ ಹಾಕಿದರು, ಇವರ ತೋಳು ಹಿಡಿದು ಒಳಗೆ ಬಗ್ಗಿಸಿದರು. ಒಟ್ಟು ಹದಿಮೂರು ನಿಪ್ಪಲ್. ಕೆಲವು ಅಡಿಯಿಂದ ಸಿಗುತ್ತವೆ, ಒಂದಕ್ಕೆ ಹೀಗೆ ಸೀಟು ತೆಗೆಯಲೇಬೇಕು. ನೀರಿಗಿಳಿದು ಬಂದ ಮೇಲೆ ಗ್ರೀಸ್ ಗನ್ ಹಿಡಿಯದಿದ್ದರೆ ಬೇರಿಂಗಿಗೆ ನೀರು ಸೇರಿ ತುಕ್ಕು ಹಿಡಿಯುತ್ತದೆ. ಒಡಲೆಲ್ಲ ಉಕ್ಕಿನ ತಗಡು. ಎಲ್ಲಿ ಬೆಸುಗೆಯಿದೆಯೋ ಅಲ್ಲಿ ಸಂಶಯ. ಕಾರ್ಖಾನೆ ಮುಚ್ಚಿದಾಗ ಉಳಿದ ಬಿಡಿಭಾಗಗಳನ್ನೆಲ್ಲ ಕ್ಯಾಲಿಫೋರ್ನಿಯದ ಒಬ್ಬ ವ್ಯಾಪಾರಿ ಸಾರಾಸಗಟಾಗಿ ಕೊಂಡುಬಿಟ್ಟಿದ್ದರಿಂದ ಇವತ್ತಿಗೂ ಸಾಮಾನು ಸಿಗುತ್ತದೆ. ಗೇರಿನ ಕೋಲು ಎರಡು: ದೊಡ್ಡದು ಚಕ್ರಕ್ಕೆ, ಸಣ್ಣದು ಪ್ರೊಪೆಲರಿಗೆ. ನೀರಿನಲ್ಲಿ ಮುಂದಿನ ಚಕ್ರಗಳೇ ಚುಕ್ಕಾಣಿ. ಸ್ಟೀರಿಂಗ್ ಪೂರಾ ತಿರುಗಿಸಿ ಕಾದರೆ ನಿಧಾನವಾಗಿ ತಿರುಗುತ್ತದೆ. ದಡ ಹತ್ತುವಾಗ ಎರಡನ್ನೂ ಒಟ್ಟಿಗೆ ಓಡಿಸಬೇಕು, ಪ್ರೊಪೆಲರ್ ದೂಡುತ್ತಿರುವಾಗಲೇ ಹಿಂದಿನ ಚಕ್ರ ನೆಲ ಕಚ್ಚಬೇಕು.

ಇವರಿಬ್ಬರ ಮಾತು ಮುಗಿಯುವ ಹಾಗೆ ಕಾಣಲಿಲ್ಲ. ಮಗಳು ಬಂದು "ಅಮ್ಮ, ಅಪ್ಪ ಎಲ್ಲಿ?" ಎಂದಾಗ ಕಾರಿನ ಒಳಗಿಂದ ಎರಡು ಬೆನ್ನು ಮಾತ್ರ ಕಾಣುತ್ತಿದ್ದವು. ವರ್ಷವೆಲ್ಲ ಗ್ಯಾರೇಜಿನಲ್ಲಿ ಒಬ್ಬರೇ ಮಲಗಿ ಮಾಡಿದ ಕೆಲಸವನ್ನು ಯಾರಾದರೂ ನೋಡಲಿ ಎಂಬ ಆಸೆ ಆ ಹಿರಿಯರಿಗೆ ಎಷ್ಟಿತ್ತು ಎಂದು ಆಗ ಕಂಡಿತು. ಕಾರು ನೀರಿಗಿಳಿಯುವ ಕ್ಷಣವನ್ನು ಎಲ್ಲರೂ ನೋಡುತ್ತಾರೆ. ಆ ಕ್ಷಣಕ್ಕಾಗಿ ಸವೆಸಿದ ಚಳಿಗಾಲವನ್ನು ನೋಡಿದವರಿಲ್ಲ.

ಪ್ರೇಕ್ಷಕರಲ್ಲಿ ನನಗೆ ಸರಿಬರದವರೂ ಇದ್ದರು. ಮಾಲೀಕರನ್ನು ಕೇಳದೆ ಬಾಗಿಲಿಗೆ ಒರಗಿ ಫೋಟೊ ತೆಗೆಸಿಕೊಳ್ಳುವವರು, ಮಕ್ಕಳನ್ನು ಬಾನೆಟ್ ಮೇಲೆ ಕೂರಿಸುವವರು. ಅದನ್ನಾದರೂ ಬಿಡಬಹುದು. ಕೆರೆಯಲ್ಲಿ ಮೋಟಾರ್ ದೋಣಿಯಲ್ಲಿದ್ದ ಕೆಲವರು ಹತ್ತಿರದಿಂದ ನೋಡಬೇಕೆಂದು ಜೋರಾಗಿ ಬಂದು ಈ ಕಾರುಗಳ ಸುತ್ತ ಒಂದು ಸುತ್ತು ಹಾಕಿ ಹೋಗುತ್ತಿದ್ದರು. ಅವರಿಗೆ ಅದು ಕುತೂಹಲ. ಆದರೆ ಆಂಫಿಕಾರ್ ನೀರಿನಲ್ಲಿ ತಗ್ಗಾಗಿ ಕೂರುತ್ತದೆ, ದೋಣಿಯ ಹಾಗೆ ಅಲೆಯನ್ನು ಸೀಳುವ ಮೂತಿ ಅದಕ್ಕಿಲ್ಲ. ದೋಣಿಯವರು ಎಬ್ಬಿಸಿದ ಅಲೆ ಬಂದು ಬಡಿದಾಗ ಒಳಗೆ ಕೂತ ಹೆಂಗಸರು ಮಕ್ಕಳು ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡಿದ್ದನ್ನು ನಾನು ನೋಡಿದೆ. ನೋಡುವುದಕ್ಕೂ ಒಂದು ದೂರ ಇದೆ. ಆ ದೂರ ಬಿಟ್ಟು ನಿಲ್ಲುವುದು ನೋಡುವವರ ಜವಾಬ್ದಾರಿ.

ಫೋನುಗಳ ಸಂಗತಿ ಬೇರೆಯೇ ಆಗಿತ್ತು. ಎಲ್ಲರ ಕೈಯಲ್ಲೂ ಫೋನ್, ಎಲ್ಲರೂ ವಿಡಿಯೊ ಮಾಡುವವರೇ. ಕಾರು ಇಳಿಜಾರಿಗೆ ಬಂದಾಗ ಫೋನು ಕಣ್ಣಿನ ಮಟ್ಟದಲ್ಲಿರುತ್ತದೆ. ಸರಿಯಾಗಿ ಮೂತಿ ಮುಳುಗುವ ಹೊತ್ತಿಗೆ ಕೈ ತಾನಾಗಿ ಇಳಿಯುತ್ತದೆ, ಕಣ್ಣು ಮೇಲಿನಿಂದ ಹಾದು ಕಾರನ್ನೇ ನೋಡುತ್ತದೆ. ನನ್ನ ಅಳಿಯನ ವಿಡಿಯೊದಲ್ಲಿ ಆ ಗಳಿಗೆಗೆ ಬಂದಾಗ ಹುಲ್ಲು ಮತ್ತು ಯಾರದೋ ಚಪ್ಪಲಿ ಇವೆ. ದನಿ ಮಾತ್ರ ಪೂರ್ತಿ ಇದೆ, ಅಷ್ಟೂ ಜನರ "ಓ". ಆ ವಿಡಿಯೊ ನನಗೆ ತುಂಬ ಇಷ್ಟ.

ಸಲೈನಾದವರು ಹೊರಗಿನವರ ಹಾಗಲ್ಲ. ಎಷ್ಟೋ ವರ್ಷಗಳಿಂದ ಈ ಕಾರುಗಳನ್ನು ನೋಡಿದ ಊರದು. ಅವರನ್ನು ಗುರುತಿಸುವುದು ಸುಲಭ: ಕುರ್ಚಿಯನ್ನು ನೀರಿನ ಕಡೆ ಪೂರ್ತಿ ತಿರುಗಿಸದೆ ಅರ್ಧ ಜನರ ಕಡೆ ತಿರುಗಿಸಿ ಹಾಕಿಕೊಂಡಿರುತ್ತಾರೆ. ಹೊಸಬರು ಯಾರಾದರೂ ಬಂದು ನಿಂತರೆ ಪಕ್ಕದವರ ಮೊಣಕೈ ತಟ್ಟಿ ಸುಮ್ಮನಾಗುತ್ತಾರೆ. ಕಾರು ಇಳಿಯುತ್ತದೆ, ಹೊಸಬರು ಬಾಯಿ ತೆರೆಯುತ್ತಾರೆ, ಊರಿನವರು ಅವರ ಮುಖ ನೋಡಿ ಖುಷಿಯಾಗಿ ತಲೆಯಾಡಿಸುತ್ತಾರೆ. ನನ್ನನ್ನೂ ಹಾಗೆ ನೋಡಿದರು. ಸೀರೆಯುಟ್ಟ ಮುದುಕಿ ಎರಡೂ ಕೈ ಬಾಯಿಗೆ ಒತ್ತಿಕೊಂಡು ನಿಂತದ್ದನ್ನು ನೋಡಿ ಒಬ್ಬಾಕೆ ಎದ್ದು ಬಂದು ತನ್ನ ಪಕ್ಕ ಕುರ್ಚಿ ಕೊಟ್ಟಳು. ಬೇರೆಯವರ ಬೆರಗನ್ನು ಹೀಗೆ ಕಾದುಕೊಂಡಿದ್ದು ನೋಡುವುದರಲ್ಲಿ ಪ್ರೀತಿಯಿದೆ. ತಮಗೆ ಹಳತಾದದ್ದು ಇನ್ನೊಬ್ಬರ ಮುಖದಲ್ಲಿ ಅವರಿಗೆ ಮತ್ತೆ ಹೊಸದಾಗಿ ಸಿಗುತ್ತದೆ.

ಇದೇ ಕಾರನ್ನು ಇಟ್ಟುಕೊಂಡು ಇನ್ನೊಬ್ಬರ ಮುಖ ನೋಡಿದ ದೊಡ್ಡ ಮನುಷ್ಯ ಅಧ್ಯಕ್ಷ ಲಿಂಡನ್ ಜಾನ್ಸನ್. ಟೆಕ್ಸಸ್‌ನ ತಮ್ಮ ರ‍್ಯಾಂಚಿನಲ್ಲಿ ಅವರಿಗೊಂದು ನೀಲಿ ಆಂಫಿಕಾರ್ ಇತ್ತು. ಅತಿಥಿಗಳನ್ನು ಕೂರಿಸಿಕೊಂಡು ಇಳಿಜಾರಿಗೆ ಬಂದಾಗ ಬ್ರೇಕ್ ಹಿಡಿಯುತ್ತಿಲ್ಲ ಎಂದು ಕೂಗುತ್ತ ಸೀದಾ ನೀರಿಗೆ ನುಗ್ಗಿಸುತ್ತಿದ್ದರು. ಅವರ ಸಹಾಯಕರಾಗಿದ್ದ ಜೋಸೆಫ್ ಕ್ಯಾಲಿಫಾನೊ ತಮಗಾದದ್ದನ್ನು ಬರೆದಿದ್ದಾರೆ: ಹಿಂದಿನ ಸೀಟಿನಿಂದ ಹೊರಬೀಳಲು ಎದ್ದರಂತೆ, ಅಷ್ಟರಲ್ಲಿ ಕಾರು ತೇಲಿತಂತೆ. ಅಧ್ಯಕ್ಷನನ್ನು ಉಳಿಸುವುದು ಬಿಟ್ಟು ತನ್ನ ಜೀವ ನೋಡಿಕೊಂಡ ಎಂದು ಜಾನ್ಸನ್ ಅವರನ್ನು ಸಂಜೆಯೆಲ್ಲ ಛೇಡಿಸಿದರಂತೆ. ಎಲ್ಲರೂ ನಗುತ್ತ ಹೇಳುವ ಈ ಕತೆ ನನಗೆ ಹಿಡಿಸುವುದಿಲ್ಲ. ಎದುರು ಮಾತನಾಡಲಾರದ ಕೈಕೆಳಗಿನವರ ಹೆದರಿಕೆಯನ್ನು ಕಿತ್ತು ನೋಡುವುದು, ತಾವೇ ಬಂದು ನಿಂತವರ ಬೆರಗನ್ನು ಹಂಚಿಕೊಳ್ಳುವುದು, ಎರಡೂ ಒಂದೇ ಕಾರಿನಿಂದ ಆಗುತ್ತದೆ. ಸಲೈನಾದಲ್ಲಿ ಯಾರನ್ನೂ ಮೋಸದಿಂದ ನೀರಿಗಿಳಿಸುವುದಿಲ್ಲ. ಹತ್ತುವ ಮೊದಲು ಲೈಫ್ ಜಾಕೆಟ್ ಕೊಟ್ಟು, ಬಾಗಿಲಿಗೆ ಕೈ ಹಾಕಬೇಡಿ ಎಂದು ಹೇಳಿ, ಮಕ್ಕಳನ್ನು "ಹೆದರಿಕೆಯಾಗ್ತಿದೆಯಾ? ಬೇಡದಿದ್ದರೆ ಬೇಡ" ಎಂದು ಕೇಳಿಯೇ ಕೂರಿಸಿಕೊಳ್ಳುತ್ತಾರೆ.

ಆ ಕೆರೆಯ ಬಗ್ಗೆಯೂ ಹೇಳಬೇಕು. ಅದು ಮನುಷ್ಯರು ಮಾಡಿದ ಕೆರೆ. ಮಯಾಮಿ-ಈರಿ ಕಾಲುವೆಗೆ ನೀರು ಬೇಕೆಂದು 1837ರಲ್ಲಿ ಕೆಲಸ ಶುರುವಾಗಿ 1845ಕ್ಕೆ ಮುಗಿಯಿತು. ಸುಮಾರು 13,000 ಎಕರೆ, ಆಳ ಮಾತ್ರ ಹೆಚ್ಚಿನ ಕಡೆ ಆರೇಳು ಅಡಿ. ಹೊಲ, ಕಾಡು ಮುಳುಗಿದವು. ಭೂಮಿ ಕಳೆದುಕೊಂಡವರಿಗೆ ಪರಿಹಾರದ ಹಣ ಬರಲಿಲ್ಲ. 1843ರಲ್ಲಿ ರೈತರು ಗುದ್ದಲಿ ಹಿಡಿದು ಬಂದು ಪಶ್ಚಿಮದ ಏರಿಯನ್ನೇ ಕಡಿದು ನೀರು ಬಿಟ್ಟರು. ಅವರನ್ನು ಹಿಡಿದರು, ಆದರೆ ಅವರ ಮೇಲೆ ಆರೋಪ ಹೊರಿಸಲು ಆ ಜಿಲ್ಲೆಯ ಜ್ಯೂರಿ ಒಪ್ಪಲಿಲ್ಲ. ಈಗ ಸುತ್ತಲಿನ ಹೊಲಗಳಿಂದ ಹರಿದು ಬರುವ ಗೊಬ್ಬರದಿಂದ ಕೆರೆಯಲ್ಲಿ ಪಾಚಿ ಬೆಳೆಯುತ್ತದೆ. 2010ರ ಬೇಸಿಗೆಯಲ್ಲಿ ಅದು ವಿಷವಾಗಿ, ನೀರು ಮುಟ್ಟಬೇಡಿ ಎಂದು ಸರ್ಕಾರವೇ ಎಚ್ಚರಿಸಬೇಕಾಯಿತು. ಅಳಿಯ ಇದನ್ನೆಲ್ಲ ಹೇಳುತ್ತಿದ್ದಾಗ ಇವರು ಕೇಳಿದ್ದು ಒಂದೇ: "ಆ ರೈತರಿಗೆ ಕೊನೆಗೂ ದುಡ್ಡು ಸಿಕ್ತಾ?"

ಇವರು ಅದನ್ನೇ ಯಾಕೆ ಕೇಳಿದರೆಂದು ನನಗೆ ಗೊತ್ತು. ಇವರ ತಾಯಿಯ ತವರು ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದ ಮೇಲೆ ನಮ್ಮ ಕಡೆ ಬಸ್ಸು, ಕಾರು, ಜೀಪು, ಅಡಿಕೆ ಚೀಲ ಎಲ್ಲವೂ ಲಾಂಚಿನ ಮೇಲೆ ಹೊಳೆ ದಾಟಿದವು. ಹೊಳೆಬಾಗಿಲಿನಲ್ಲಿ ಗಂಟೆಗಟ್ಟಲೆ ಕಾದು ಲಾಂಚ್ ಹತ್ತುವ ಕಾರುಗಳನ್ನು ನೋಡಿ ಊರಿನವರಾರೂ "ಓ" ಎಂದದ್ದಿಲ್ಲ. ಹೆರಿಗೆಗೆ ಹೋಗುವವರು, ಪರೀಕ್ಷೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು ಅದರಲ್ಲಿದ್ದರು. ಸಿಗಂದೂರಿಗೆ ಬರುವ ಪ್ರವಾಸಿಗಳು ಮಾತ್ರ ಲಾಂಚಿನ ಅಂಚಿಗೆ ನಿಂತು ಫೋಟೊ ತೆಗೆಯುತ್ತಿದ್ದರು, ಸಂತೋಷಪಡುತ್ತಿದ್ದರು. ಅವರ ಸಂತೋಷ ಆಗ ನಮಗೆ ಮುಜುಗರ ತರುತ್ತಿತ್ತು. 2025ರ ಜುಲೈಯಲ್ಲಿ ಅಲ್ಲಿ ಸೇತುವೆ ತೆರೆಯಿತು. ದಾಟಲೇಬೇಕಾದ ಅನಿವಾರ್ಯ ಇಲ್ಲದಿದ್ದಾಗ ನೀರು ಮತ್ತು ಕಾರು ಸೇರಿದರೆ ಎಷ್ಟು ಹಗುರ ಎಂಬುದನ್ನು ಸಲೈನಾದಲ್ಲಿ ನೋಡಿ ನನಗೆ ಒಳಗೆ ಏನೋ ಸಡಿಲವಾಯಿತು. ಎಲ್ಲಿಗೂ ಹೋಗುವ ತುರ್ತಿಲ್ಲದೆ, ಸುಮ್ಮನೆ ಇಳಿದು, ಒಂದು ಸುತ್ತು ಹೊಡೆದು, ಮತ್ತೆ ಅದೇ ದಡಕ್ಕೆ ಬರುವ ಕಾರುಗಳು!

ಸವಾರಿಗೆ ಸರದಿ ದೊಡ್ಡದಿತ್ತು. ಮಕ್ಕಳಿಗಿಂತ ವಯಸ್ಸಾದವರೇ ಹೆಚ್ಚು. ಚಿಕ್ಕವರಿದ್ದಾಗ ಶೋರೂಮಿನ ಗಾಜಿನಾಚೆ ಈ ಕಾರು ನೋಡಿ ಅಪ್ಪನನ್ನು ಕೊಡಿಸೆಂದು ಪೀಡಿಸಿದ್ದಾಗಿ ಒಬ್ಬರು ಹೇಳುತ್ತಿದ್ದರು. ಗಾಲಿಕುರ್ಚಿಯಲ್ಲಿದ್ದ ಇನ್ನೊಬ್ಬರನ್ನು ಅವರ ಮಗ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ನಮ್ಮ ಸರದಿ ಬಂದಾಗ ಮಿಷಿಗನ್ನಿನ ಹಿರಿಯರು ಇವರಿಗೆ ಮುಂದಿನ ಸೀಟು ಕೊಟ್ಟರು. ನಾನು, ಮೊಮ್ಮಗ ಹಿಂದೆ. ಬೆನ್ನ ಹಿಂದೆಯೇ ಎಂಜಿನ್, ಅದರ ನಡುಕ ಸೀಟಿಗೆಲ್ಲ ಹರಡಿತ್ತು. ಇಳಿಜಾರಿನ ತಲೆಯಲ್ಲಿ ಅವರು ಎರಡನೆಯ ಹಿಡಿಗಳನ್ನು ತಾವೇ ಬಗ್ಗಿ ತಿರುಗಿಸಿದರು, ಸಣ್ಣ ಕೋಲನ್ನು ಮುಂದಕ್ಕೆ ತಳ್ಳಿದರು, ಇವರ ಕಡೆ ನೋಡಿ ತಲೆಯಾಡಿಸಿದರು.

ನೀರಿಗೆ ನುಗ್ಗಿದ್ದು ಕಣ್ಣಿಗಿಂತ ಮೊದಲು ಹೊಟ್ಟೆಗೆ ಗೊತ್ತಾಯಿತು. ಆಮೇಲೆ ಚಕ್ರದ ಸದ್ದು ನಿಂತುಹೋಯಿತು, ನೆಲ ಬಿಟ್ಟೆವು. ಮೊಮ್ಮಗ "ಅಜ್ಜೀ!" ಎಂದು ನನ್ನ ಸೆರಗು ಹಿಡಿದವನು ಕಾರು ತೇಲಿದೊಡನೆ ಅದನ್ನು ಬಿಟ್ಟು ಎರಡೂ ಕೈ ಎತ್ತಿ ಕೂಗಿದ. ಹಿಂದಿರುಗಿ ನೋಡಿದೆ. ಇಡೀ ದಡ ನಮ್ಮ ಕಡೆ ತಿರುಗಿತ್ತು. ಅಷ್ಟು ಹೊತ್ತು ನಾನು ಒಂದೊಂದಾಗಿ ನೋಡುತ್ತಿದ್ದ ಮುಖಗಳು ಒಟ್ಟಿಗೆ ಕಂಡವು. ಒಂದು ಮಗು ಅಳುತ್ತಿತ್ತು, ಅದರ ಅಮ್ಮ ನಗುತ್ತಿದ್ದಳು. ಕುರ್ಚಿ ಕೊಟ್ಟ ಹೆಂಗಸು ಎದ್ದು ನಿಂತು ಕೈ ಬೀಸುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ ಬದಿಯ ತೂತಿನಿಂದ ಪಂಪಿನ ನೀರು ಚಿಮ್ಮಿತು. ದಡದಲ್ಲಿ ಮತ್ತೊಮ್ಮೆ ಗದ್ದಲ, ಮುಳುಗುತ್ತಿದ್ದೇವೆಂದು ಯಾರೋ ಕೂಗಿದರು. ಮಾಲೀಕರು ಅವರಿಗೆ ಕೈ ಎತ್ತಿ ಏನಿಲ್ಲ ಎಂದು ತೋರಿಸಿದರು. ಆ ಕೂಗಿಗೆ ನಾನು ಋಣಿ. ಹೆಸರು ಗೊತ್ತಿಲ್ಲದ ಯಾರೋ ನಮ್ಮ ಜೀವಕ್ಕೆ ಹೆದರಿ ಕೂಗಿದ್ದು ಅದು.

ಹತ್ತುವಾಗ ಪಾಚಿ ಕಟ್ಟಿದ ಕಾಂಕ್ರೀಟಿನ ಮೇಲೆ ಹಿಂದಿನ ಚಕ್ರ ಒಮ್ಮೆ ಜಾರಿತು. ಇವರು ಕನ್ನಡದಲ್ಲೇ "ಸ್ವಲ್ಪ ರೇಸ್ ಕೊಡಿ, ಕೊಡಿ" ಎಂದರು, ಮಿಷಿಗನ್ನಿನವರು ಕೊಟ್ಟರು, ಕಾರು ನೆಲ ಕಚ್ಚಿ ಮೇಲೆ ಬಂತು. ಇಳಿದ ಮೇಲೆ ಇಬ್ಬರೂ ಒಂದು ಮಾತೂ ಆಡದೆ ಸೀದಾ ಕಾರಿನ ಹಿಂದಕ್ಕೆ ಹೋಗಿ ಬಗ್ಗಿ ಪ್ರೊಪೆಲರ್‌ಗೆ ಸುತ್ತಿಕೊಂಡಿದ್ದ ಜೊಂಡನ್ನು ಬಿಡಿಸತೊಡಗಿದರು. ಸರದಿಯಲ್ಲಿದ್ದ ಮುಂದಿನವರು, ಅಪ್ಪ ಮತ್ತು ಇಬ್ಬರು ಹೆಣ್ಣುಮಕ್ಕಳು, ಹತ್ತಿರ ಬಂದರು. ದೊಡ್ಡ ಹುಡುಗಿ ಒದ್ದೆ ಬಾಗಿಲನ್ನು ಬೆರಳಿನಿಂದ ಮುಟ್ಟಿ ನೋಡಿ ನನ್ನನ್ನು ಕೇಳಿದಳು, ನೀರು ಒಳಗೆ ಬರುತ್ತದೆಯೇ ಎಂದು. ಬರುತ್ತದೆ, ಅದಕ್ಕೇ ಒಳಗೆ ಪಂಪ್ ಇದೆ ಎಂದೆ.